ಪರದೇಶದಲ್ಲಿ ಇಂಗ್ಲಿಷು ಕಲಿಸಲು ಯಾವ ತರಬೇತಿ?

ಇಂಗ್ಲಿಷು ಮನೆಮಾತಲ್ಲದ ಜನರಿಗೆ ಅದನ್ನು ಕಲಿಸುವುದು ಈಗ ಸ್ಪೇನಿನಿಂದ ಜಪಾನಿನವರೆಗೆ ಹಬ್ಬಿದ ಒಂದು ಕಸಬು. ಈ ಸುದ್ದಿ ನಮ್ಮ ಪಟ್ಟಣಗಳ ಪದವೀಧರರಿಗೂ ಮುಟ್ಟಿದೆ. ಅದರ ಬೆನ್ನಿಗೇ ‘ಟೆಫಲ್’ ಸರ್ಟಿಫಿಕೇಟಿನ ಜಾಹೀರಾತುಗಳೂ ಮನೆಮನೆಯ ಮೊಬೈಲಿಗೆ ಬಂದಿವೆ. ಕೆಲವು ಸಾವಿರಕ್ಕೆ ಒಂದು, ಲಕ್ಷಕ್ಕೆ ಇನ್ನೊಂದು. ಎರಡರ ಮೇಲೂ ‘ಅಂತರರಾಷ್ಟ್ರೀಯ’ ಎಂಬ ಮುದ್ರೆ. ಕನ್ನಡ ಪಂಡಿತನಿಗೆ ಈ ವಿಚಾರದಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ಹಳೆಯ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಬಂದು ಕೇಳುತ್ತಾರೆ, ಆದ್ದರಿಂದ ವಿಚಾರಿಸಬೇಕಾಯಿತು. ಅಲ್ಲದೆ ಭಾಷೆ ಯಾವುದಾದರೇನು, ಪಾಠ ಹೇಳುವುದನ್ನು ಕಲಿಯುವ ದಾರಿ ಬಹುಮಟ್ಟಿಗೆ ಒಂದೇ.

ಮೊದಲು ಹೆಸರಿನ ವಿಚಾರ. ಟೆಫಲ್ ಎಂಬುದು ಒಂದು ಪರೀಕ್ಷೆಯಲ್ಲ, ಒಂದು ಸಂಸ್ಥೆಯೂ ಅಲ್ಲ. ಇಂಗ್ಲಿಷನ್ನು ಪರಭಾಷೆಯಾಗಿ ಬೋಧಿಸುವುದು ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು, ಅಷ್ಟೆ. (ವಿದ್ಯಾರ್ಥಿಗಳು ಬರೆಯುವ ಟೋಫೆಲ್ ಪರೀಕ್ಷೆ ಬೇರೆ.) ಹೀಗಾಗಿ ಆ ಹೆಸರಿನ ಮೇಲೆ ಯಾರ ಒಡೆತನವೂ ಇಲ್ಲ. ಉಪ್ಪಿನಕಾಯಿ ಎಂಬ ಚೀಟಿಯನ್ನು ಯಾವ ಭರಣಿಗೆ ಬೇಕಾದರೂ ಅಂಟಿಸಬಹುದಷ್ಟೆ; ಒಳಗಿರುವುದು ಮುಚ್ಚಳ ತೆಗೆದವನಿಗೆ ತಿಳಿಯುತ್ತದೆ. ಇಲ್ಲಿ ಮುಚ್ಚಳ ತೆಗೆಯುವ ಮೊದಲೇ ಹಣ ಕೊಡಬೇಕಾಗಿರುವುದೇ ತೊಡಕು.

ಈ ಬಗೆಯ ಅಲ್ಪಾವಧಿ ತರಬೇತಿಯ ಮೂಲಪುರುಷರಲ್ಲಿ ಜಾನ್ ಹೇಕ್ರಾಫ್ಟ್ ಎಂಬಾತ ಮುಖ್ಯ. ಆತನೂ ಆತನ ಪತ್ನಿ ಬ್ರೀಟಾಳೂ 1953ರಲ್ಲಿ ಸ್ಪೇನಿನ ಕಾರ್ಡೋಬಾ ಪಟ್ಟಣದಲ್ಲಿ ಒಂದು ಭಾಷಾಶಾಲೆ ತೆರೆದರು. ಮುಂದೆ ಲಂಡನ್ನಿಗೆ ಬಂದು, 1962ರಲ್ಲಿ ಉಪಾಧ್ಯಾಯರಿಗಾಗಿ ಎರಡು ವಾರದ ಒಂದು ಶಿಬಿರ ನಡೆಸಿದರು. ಇಂಗ್ಲಿಷು ಬಂದ ಮಾತ್ರಕ್ಕೆ ಇಂಗ್ಲಿಷು ಕಲಿಸಲು ಬರುವುದಿಲ್ಲ ಎಂಬುದನ್ನು ಆ ದಂಪತಿಗಳು ಸ್ವಂತ ಶಾಲೆಯಲ್ಲೇ ಕಂಡಿದ್ದರು. ಆ ಶಿಬಿರವೇ ಬೆಳೆದು, ಕೈಯಿಂದ ಕೈಗೆ ಹೋಗಿ, 1988ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾಮಂಡಲಿಯ ವಶಕ್ಕೆ ಬಂತು. ಈಗ ಅದನ್ನು ‘ಸೆಲ್ಟಾ’ ಎನ್ನುತ್ತಾರೆ. ಅದಕ್ಕೆ ಸರಿಸಮವಾದದ್ದು ಟ್ರಿನಿಟಿ ಕಾಲೇಜ್ ಲಂಡನ್ ಸಂಸ್ಥೆಯ ‘ಸರ್ಟ್ ಟೀಸಾಲ್’. ಕಸಬಿನವರಲ್ಲಿ ವ್ಯಾಪಕವಾಗಿ ಮನ್ನಣೆಯಿರುವುದು ಈ ಎರಡಕ್ಕೆ. ಇವೆರಡೂ ಇಂಗ್ಲೆಂಡಿನ ಸರಕಾರಿ ಅರ್ಹತಾ ಪಟ್ಟಿಯಲ್ಲಿ ಐದನೆಯ ಮಟ್ಟದವು. ಆ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು.

ಇವುಗಳಲ್ಲಿ ಅಂಥದ್ದೇನಿದೆ? ಸುಮಾರು 120 ಗಂಟೆಗಳ ಪಾಠ ಎಂಬುದನ್ನು ಅಗ್ಗದ ಕೋರ್ಸುಗಳೂ ಹೇಳಿಕೊಳ್ಳುತ್ತವೆ. ಆ ಅಂಕಿಯನ್ನು ಎರವಲು ಪಡೆಯುವುದು ಸುಲಭ. ಎರವಲು ಪಡೆಯಲಾಗದ ಅಂಕಿ ಇನ್ನೊಂದಿದೆ: ಆರು ಗಂಟೆ. ಅಭ್ಯರ್ಥಿಯು ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಒಟ್ಟು ಆರು ಗಂಟೆ ಪಾಠ ಮಾಡಲೇಬೇಕು. ನಲವತ್ತು ನಿಮಿಷದ ಪಾಠವಾದರೆ ಒಂಬತ್ತಾಯಿತು. ಸೆಲ್ಟಾದಲ್ಲಿ ಇವು ಎರಡು ಬೇರೆ ಬೇರೆ ಮಟ್ಟದ ತರಗತಿಗಳಲ್ಲಿ ಆಗಬೇಕು. ಹಿಂದಿನ ಬೆಂಚಿನಲ್ಲಿ ತರಬೇತುದಾರ ಕುಳಿತು ಬರೆದುಕೊಳ್ಳುತ್ತಾನೆ, ಪಕ್ಕದಲ್ಲಿ ಸಹಪಾಠಿಗಳು ಕುಳಿತಿರುತ್ತಾರೆ. ಪಾಠ ಮುಗಿದ ಮೇಲೆ ನೀವು ಎಷ್ಟು ಮಾತಾಡಿದಿರಿ, ಮಕ್ಕಳಿಗೆ ಎಷ್ಟು ಮಾತಾಡಗೊಟ್ಟಿರಿ ಎಂಬ ವಿಮರ್ಶೆ ನಡೆಯುತ್ತದೆ. ನಮ್ಮಲ್ಲಿ ಶಿಕ್ಷಕರ ತರಬೇತಿ ಪಡೆದವರಿಗೆ ಇದು ಹೊಸದಲ್ಲ. ಅಭ್ಯಾಸ ಪಾಠದ ದಿನ ಸೀಮೆಸುಣ್ಣ ಹಿಡಿದ ಕೈ ನಡುಗಿದ್ದು ಯಾರಿಗೆ ಮರೆತೀತು! ಮುಖ್ಯವಾದ ಮತ್ತೊಂದು ಅಂಶವೆಂದರೆ, ಕೋರ್ಸು ನಡೆಸುವವರು ಕೊಟ್ಟ ದರ್ಜೆಯನ್ನು ಪರಿಶೀಲಿಸಲು ಹೊರಗಿನಿಂದ ಒಬ್ಬ ಪರೀಕ್ಷಕ ಬರುತ್ತಾನೆ. ಶುಲ್ಕ ಪಡೆದವನೇ ತೇರ್ಗಡೆಯ ಮಾತನ್ನೂ ಏಕಾಂಗಿಯಾಗಿ ಹೇಳುವಂತಿಲ್ಲ.

ಟ್ರಿನಿಟಿಯವರ ತರಬೇತಿಯಲ್ಲಿರುವ ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಅಭ್ಯರ್ಥಿಗಳಿಗೆ ತಮಗೆ ಗೊತ್ತೇ ಇಲ್ಲದ ಒಂದು ಭಾಷೆಯನ್ನು, ಅದೇ ಭಾಷೆಯಲ್ಲಿ ಮಾತಾಡುತ್ತ, ನಾಲ್ಕು ಗಂಟೆ ಕಲಿಸುತ್ತಾರೆ. ಆ ಅನುಭವವನ್ನು ಅವರು ದಿನಚರಿಯಾಗಿ ಬರೆಯಬೇಕು. ತಿಳಿಯದ ಮಾತು ಕಿವಿಯ ಮೇಲೆ ಬಿದ್ದಾಗ ಕಲಿಯುವವನ ಮನಸ್ಸು ಹೇಗೆ ತಬ್ಬಿಬ್ಬಾಗುತ್ತದೆಂಬುದನ್ನು ಪುಸ್ತಕ ಓದಿ ತಿಳಿಯಲಾಗದು.

ಇಲ್ಲೇ ಒಂದು ಸಂದೇಹವನ್ನು ನಿವಾರಿಸಬೇಕು. ಇಂಗ್ಲಿಷು ನಮ್ಮ ತಾಯಿನುಡಿಯಲ್ಲ, ನಮ್ಮನ್ನು ಇಂಥ ತರಬೇತಿಗೆ ಸೇರಿಸಿಕೊಂಡಾರೆಯೇ? ಖಂಡಿತ ಸೇರಿಸಿಕೊಳ್ಳುತ್ತಾರೆ, ಭಾಷೆಯ ಹಿಡಿತ ಮೇಲ್ಮಟ್ಟದ್ದಾಗಿರಬೇಕು. ನನ್ನ ಮಟ್ಟಿಗೆ ಇದು ಕೊರತೆಯಲ್ಲ, ಬಂಡವಾಳ. ‘ನನಗೆ ಹಸಿವಾಗಿದೆ’ ಎನ್ನುವಲ್ಲಿ ಚತುರ್ಥಿ ವಿಭಕ್ತಿ ಏಕೆ ಬಂತೆಂದು ಕನ್ನಡಿಗನನ್ನು ಕೇಳಿ ನೋಡಿ, ಮುಖ ನೋಡುತ್ತಾನೆ. ಕಷ್ಟಪಟ್ಟು ಕನ್ನಡ ಕಲಿತ ಹೊರಗಿನವನು ಥಟ್ಟನೆ ಹೇಳಿಯಾನು. 1853ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಡಲಿಲ್ಲವೆ? ಅದೇ ರೀತಿ, ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬುದು ತಪ್ಪೆಂದು ಆಂಗ್ಲರವನು ಹೇಳಬಲ್ಲ. ಏಕೆ ತಪ್ಪು, ಆ ತಪ್ಪು ಎಲ್ಲಿಂದ ಬಂತು ಎಂಬುದನ್ನು ಹೇಳಬಲ್ಲವನು ಆ ತಪ್ಪನ್ನು ತಾನೇ ಮಾಡಿ ತಿದ್ದಿಕೊಂಡವನು.

ಆದರೆ ವೀಸಾ ಕೊಡುವ ಅಧಿಕಾರಿಗಳು ವ್ಯಾಕರಣ ನೋಡುವುದಿಲ್ಲ. ಜಾಹೀರಾತುಗಳು ನುಂಗಿಹಾಕುವ ಸಂಗತಿ ಇದೇ. ದಕ್ಷಿಣ ಕೊರಿಯಾದವರು ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮಾತ್ರ ಕೊಡುತ್ತಾರೆ. ಜಪಾನಿನ ಶಾಲೆಗಳಲ್ಲಿ ಕಲಿಸುವವರ ವೀಸಾಕ್ಕೆ, ಯಾವ ಭಾಷೆ ಕಲಿಸುವರೋ ಆ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕೆಂಬ ನಿಯಮವುಂಟು. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಪದವೀಧರೆ, ತಾಯಿಯ ಬಳೆ ಒತ್ತೆಯಿಟ್ಟು ಕೋರ್ಸಿನ ಹಣ ಕಟ್ಟಿದಳು. ಈ ನಿಯಮವನ್ನು ಆಕೆಗೆ ಮೊದಲು ಯಾರೂ ಹೇಳಲಿಲ್ಲ, ಕೋರ್ಸು ಮಾರಿದವರಂತೂ ಹೇಳಲೇ ಇಲ್ಲ. ಸರ್ಟಿಫಿಕೇಟು ಈಗಲೂ ಮನೆಯಲ್ಲಿದೆ. ಆದಕಾರಣ ಮೊದಲು ದೇಶವನ್ನು ಆರಿಸಿ, ಅದರ ರಾಯಭಾರ ಕಚೇರಿಯ ಜಾಲತಾಣದಲ್ಲಿ ನಿಯಮ ಓದಿ, ಆಮೇಲೆ ಕೋರ್ಸಿನ ಮಾತು. ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಹೋಗಬಯಸುವವರನ್ನು ಅವರು ಕೇಳುವುದು ಬಿ.ಎಡ್. ಪದವಿಯನ್ನು, ಅದು ಕೈಯಲ್ಲಿದ್ದವರು ಇನ್ನೊಂದಕ್ಕೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಮನೆಯಲ್ಲೇ ಕುಳಿತು ಕಲಿಯುವ ಕೋರ್ಸುಗಳೆಲ್ಲ ಪೊಳ್ಳೆಂದು ನಾನು ಹೇಳುವುದಿಲ್ಲ. 2020ರಿಂದೀಚೆಗೆ ಸೆಲ್ಟಾವನ್ನೇ ಪೂರ್ತಿಯಾಗಿ ಅಂತರ್ಜಾಲದ ಮೂಲಕ ಮಾಡುವ ಅವಕಾಶ ಬಂದಿದೆ. ಅಲ್ಲಿಯೂ ಪರದೆಯ ಆಚೆಗೆ ನಿಜವಾದ ವಿದ್ಯಾರ್ಥಿಗಳಿರುತ್ತಾರೆ, ತರಬೇತುದಾರ ನೋಡುತ್ತಿರುತ್ತಾನೆ. ವಿಡಿಯೋ ನೋಡಿ, ಸರಿಯುತ್ತರಕ್ಕೆ ಗುರುತು ಹಾಕಿ, ಸಂಜೆಯೊಳಗೆ ಸರ್ಟಿಫಿಕೇಟು ಪಡೆಯುವುದು ಬೇರೆ ಮಾತು. ಅದರಿಂದ ಕಸಬಿನ ಪರಿಚಯವಾದೀತು. ಅದಕ್ಕೆ ತಕ್ಕ ಬೆಲೆ ಕೊಟ್ಟರೆ ಅಡ್ಡಿಯಿಲ್ಲ.

ಸೇರುವ ಮೊದಲು ಪತ್ರ ಬರೆದು ಕೇಳಿ. ನಾನು ಎಷ್ಟು ಗಂಟೆ ಪಾಠ ಮಾಡುತ್ತೇನೆ, ಯಾರಿಗೆ? ಹೊರಗಿನ ಪರೀಕ್ಷಕ ಯಾವ ಸಂಸ್ಥೆಯವನು? ‘ಮಾನ್ಯತೆ ಪಡೆದದ್ದು’ ಎಂದಿದ್ದರೆ, ಮಾನ್ಯತೆ ಕೊಟ್ಟವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು? ಒಳ್ಳೆಯ ಕೋರ್ಸಿನವರು ಸೇರಿಸಿಕೊಳ್ಳುವ ಮೊದಲು ಭಾಷೆಯ ಬಗ್ಗೆ ಪ್ರಶ್ನೆಪತ್ರಿಕೆ ಕೊಟ್ಟು ಸಂದರ್ಶನ ಮಾಡುತ್ತಾರೆ, ಬೇಡವೆಂದೂ ಹೇಳುತ್ತಾರೆ. ಯಾರನ್ನೂ ಬೇಡವೆನ್ನದ ಕಡೆ ಎಚ್ಚರ. ಕೆಲಸದ ಭರವಸೆ ಕೊಡುವವರಾದರೆ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಅವರ ಹೆಸರು ಅದರಲ್ಲಿದೆಯೇ ನೋಡಿ.

ಹೊರಗೆ ಹೋಗುವ ಹಂಬಲವಿಲ್ಲದೆ, ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕೆಂಬ ಆಸೆಯಷ್ಟೇ ಇರುವವರಿಗೆ ನಮ್ಮಲ್ಲೇ ಅನುಕೂಲಗಳಿವೆ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾದ ಇಂಗ್ಲಿಷ್ ಸಂಸ್ಥೆ ಈಗ ವಿಶ್ವವಿದ್ಯಾನಿಲಯವಾಗಿದೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಸ್ಥಾಪಿತವಾದದ್ದು. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಸರಕಾರಿ ಶಾಲೆಯ ಶಿಕ್ಷಕರು ತಮ್ಮ ಇಲಾಖೆಯ ಮೂಲಕವೇ ಅಲ್ಲಿಗೆ ಹೋಗಿಬರುತ್ತಾರೆ.