ದಂಡು ಹೋಯಿತು, ಕಾಲುವೆ ಉಳಿಯಿತು



ಸೇನಾ ವೆಚ್ಚದ ಕಡಿತವೆಂದರೆ ದೆಹಲಿಯ ಲೆಕ್ಕಾಚಾರ, ಹಳ್ಳಿಗೆ ಅದರ ಗೊಡವೆಯಿಲ್ಲ ಎಂಬ ಭಾವನೆ ಸಾಮಾನ್ಯ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. ದಂಡಿನ ಹಣದಿಂದ ತುಂಬಿ, ಆ ಹಣ ನಿಂತಾಗ ಬರಿದಾದ ಅನುಭವ ಈ ಸೀಮೆಗೆ ಒಮ್ಮೆಯಲ್ಲ, ಮೂರು ಬಾರಿ ಆಗಿದೆ.

ಮೊದಲನೆಯದು ವಿಜಯನಗರದ್ದು. ಅರಸರು ಸೀಮೆಗಳನ್ನು ಅಮರನಾಯಕರಿಗೆ ಹಂಚಿ, ಅಲ್ಲಿನ ಹುಟ್ಟುವಳಿಯಿಂದ ಇಂತಿಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಬೇಕೆಂದು ಕಟ್ಟು ಮಾಡಿದ್ದರು. ಅಚ್ಯುತದೇವರಾಯನ ಕಾಲದಲ್ಲಿ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ, ನಾಯಕರ ಹುಟ್ಟುವಳಿಯ ಅರ್ಧದಷ್ಟು ಅರಸನಿಗೆ ಸಲ್ಲುತ್ತಿತ್ತು, ಉಳಿದುದರಲ್ಲಿ ದಂಡನ್ನು ಸಾಕಬೇಕಿತ್ತು. ಹರ್ಮುಜಿನಿಂದ ಬಂದ 13,000 ಕುದುರೆಗಳನ್ನು ಅರಸ ವರ್ಷವರ್ಷವೂ ಕೊಳ್ಳುತ್ತಿದ್ದನೆಂದೂ ಅವನು ಹೇಳುತ್ತಾನೆ. ಕುದುರೆ ಮಾರುವವನ ಬಾಯಲ್ಲಿ ಸಂಖ್ಯೆ ತುಸು ಹಿಗ್ಗಿರಬಹುದು. ಅರ್ಧಕ್ಕಿಳಿಸಿ ನೋಡಿದರೂ ಅದು ಸಣ್ಣ ಮಾತಲ್ಲ.

ಲಾಯದಲ್ಲಿ ಒಂದು ಕುದುರೆ ನಿಂತಿತೆಂದರೆ ಅದರ ಹಿಂದೆ ಹಲವು ಮನೆಗಳ ಒಲೆ ಉರಿಯುತ್ತದೆ. ಹುಲ್ಲು ಕೊಯ್ದು ತರುವವರು, ಲಾಳ ಹೊಡೆಯುವವರು, ಜೀನು ಹೊಲಿಯುವವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹುರುಳಿ ಬೇಕು. ಬೇಯಿಸಿದ ಹುರುಳಿ ದಕ್ಷಿಣದ ಕುದುರೆಗಳ ಹಳೆಯ ಮೇವು. ಕಡಿಮೆ ಮಳೆಯ, ಕೆಮ್ಮಣ್ಣಿನ ತೆಳು ಹೊಲದಲ್ಲಿಯೂ ಬೆಳೆದು, ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕ ಕೂಡಿಸುವ ಈ ಕಾಳಿಗೆ ದಂಡಿನಂಥ ಗಿರಾಕಿ ಮತ್ತೆಲ್ಲಿ ಸಿಗಬೇಕು?

ಆದರೆ ಈ ವೈಭವದ ಬೆಲೆ ತೆತ್ತವನು ಒಕ್ಕಲಿಗನೇ. ಬೆಳೆದ ಹತ್ತು ಪಾಲಿನಲ್ಲಿ ಒಂಬತ್ತನ್ನು ರೈತರು ಒಡೆಯರಿಗೆ ಒಪ್ಪಿಸುತ್ತಿದ್ದರೆಂದು ಅದೇ ನೂನಿಜ್ ಬರೆದಿದ್ದಾನೆ. ಆದ್ದರಿಂದ ದಂಡಿನ ವೆಚ್ಚವನ್ನು ಊರಿಗೆ ಹೊರಗಿನಿಂದ ಬಂದ ಭಾಗ್ಯವೆಂದು ಬಗೆಯುವುದು ತಪ್ಪು. ಹೊಲದಿಂದ ಎತ್ತಿದ್ದರಲ್ಲೇ ಒಂದಂಶ ಪೇಟೆಯ ದಾರಿಯಾಗಿ ಮರಳುತ್ತಿತ್ತು, ಅಷ್ಟೇ.

1565ರ ಜನವರಿಯ ಯುದ್ಧದ ನಂತರ ಅರಮನೆ ಪೆನುಗೊಂಡೆಗೆ ಸರಿಯಿತು. 1567ರಲ್ಲಿ ಇಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ಇನ್ನೂ ನಿಂತಿದ್ದವು, ಆದರೆ ಬರಿದಾಗಿದ್ದವು ಎಂದು ಬರೆದ. ಬೆಂಕಿಗಿಂತಲೂ ಈ ಬರಿದುತನವೇ ಹೆಚ್ಚು ಯೋಚಿಸತಕ್ಕದ್ದು. ಗೋಡೆಯಿದ್ದೂ ಜನ ಮರಳದಿದ್ದುದು, ಅವರಿಗೆ ಅನ್ನ ಕೊಡುತ್ತಿದ್ದ ಖಜಾನೆ ಮರಳದ ಕಾರಣ.

ಉಳಿದದ್ದು ನೀರು. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಹಾಕಿ ತೆಗೆದ ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಕಂಪ್ಲಿಯ ಕಾಲುವೆಗಳು ದಂಡು ಹೋದ ಮೇಲೆಯೂ ಹರಿದವು. ನಾಗಲಾಪುರವೆಂದು ಕೃಷ್ಣದೇವರಾಯ ಕಟ್ಟಿಸಿದ ಹೊಸಪೇಟೆ ಹಂಪಿಯಂತೆ ಪಾಳು ಬೀಳಲಿಲ್ಲ. ಅದರ ಸುತ್ತ ಬತ್ತ, ಕಬ್ಬು, ಬಾಳೆ ಇದ್ದವು. ಕಮಲಾಪುರದ ಕಮ್ಮಾರರು ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳಿಗೆ ಹೆಸರಾದರು. 1953ರಲ್ಲಿ ತುಂಗಭದ್ರಾ ಜಲಾಶಯವಾದ ಮೇಲೆಯೂ ಈ ಹಳೆಯ ಕಾಲುವೆಗಳು ಕೆಲಸ ಬಿಟ್ಟಿಲ್ಲ.

ಎರಡನೆಯ ಕಡಿತ ಕಂಪನಿ ಸರ್ಕಾರದ್ದು. 1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆ ಕೈಸೇರಿದಾಗ ದತ್ತ ಮಂಡಲದಲ್ಲಿ 80 ಪಾಳೆಯಗಾರರೂ ಸುಮಾರು 30,000 ಆಯುಧಪಾಣಿ ಆಳುಗಳೂ ಇದ್ದರು. ಕಲೆಕ್ಟರ್ ಥಾಮಸ್ ಮನ್ರೋ ಅವರ ಬಲ ಮುರಿದ. ಹಳ್ಳಿಗಳ ಲೂಟಿ ತಗ್ಗಿತೆಂಬುದು ನಿಜ. ಕತ್ತಿಯೊಂದನ್ನೇ ನಂಬಿದ್ದ ಮನೆತನಗಳು ಮಳೆಯಾಶ್ರಯದ ಹೊಲಕ್ಕೆ ಬಿದ್ದುದೂ ನಿಜ.

ಮೂರನೆಯದರ ಕುರುಹು ಸಂಡೂರಿನ ರಾಮನದುರ್ಗದಲ್ಲಿದೆ. 3,000 ಅಡಿಗೂ ಎತ್ತರದ ಆ ಬೆಟ್ಟದ ನೆತ್ತಿಯ ಮೇಲೆ, 19ನೇ ಶತಮಾನದ ನಡುವಿನಲ್ಲಿ, ಬ್ರಿಟಿಷ್ ಸೈನಿಕರಿಗಾಗಿ ಆರೋಗ್ಯಧಾಮವೊಂದು ಎದ್ದಿತು. ದಂಡು ಇಳಿದು ಹೋದ ಬಳಿಕ ಬಂಗಲೆಗಳು ಹಾಳಾದವು. ಇಲ್ಲಿ ಕಾಲುವೆಯಂಥದು ಏನೂ ಉಳಿಯಲಿಲ್ಲ. ಆಮೇಲೆ ಬೆಟ್ಟಕ್ಕೆ ಬಂದ ಗಿರಾಕಿ ಅದಿರಿನವನು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ, ಸಾಲ ಮಾಡಿ ಲಾರಿ ಕೊಂಡಿದ್ದವರು ಹಂಪಿಯ ಲಾಳಗಾರರ ಪಾಡನ್ನೇ ಕಂಡರು.

ಈಗಿನ ಕಡಿತದ ರೂಪ ಬೇರೆ. ಹಳ್ಳಿಗಾಡಿಗೆ ಸೇನೆಯ ಹಣ ಮುಟ್ಟುವುದು ಬಹುಪಾಲು ಸಂಬಳ, ಪಿಂಚಣಿಗಳ ಮೂಲಕ. ತಿಂಗಳು ತಪ್ಪದೆ ಬರುವ ಪಿಂಚಣಿಯ ಬಲದಿಂದ ಬರಗಾಲದಲ್ಲಿಯೂ ಎತ್ತು ಮಾರದೆ ಉಳಿದ ಮನೆಗಳುಂಟು. 2022ರ ಅಗ್ನಿಪಥ ಯೋಜನೆಯಂತೆ ಸೇರಿದವರಲ್ಲಿ ನಾಲ್ಕು ವರ್ಷಗಳ ನಂತರ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಉಳಿಸಿಕೊಳ್ಳಲಾಗುವುದು ಎಂದು ಗೊತ್ತುಪಡಿಸಲಾಯಿತು. ಉಳಿದವರಿಗೆ ಪಿಂಚಣಿಯಿಲ್ಲ, ಒಮ್ಮೆಲೇ ಸಿಗುವ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯಿದೆ. ಅದು ಕೊಳವೆಬಾವಿಗೆ ಇಳಿಯುವುದೋ, ಕಂತಿನ ಟ್ರ್ಯಾಕ್ಟರಿಗೋ, ಹೊಲದ ಬದುವಿಗೂ ಕೃಷಿಹೊಂಡಕ್ಕೂ ಹೋಗುವುದೋ ಎಂಬುದನ್ನು ಆ ಹುಡುಗರು ಊರಿಗೆ ಮರಳುವ ಮೊದಲೇ ಗ್ರಾಮಸಭೆಗಳು ಚರ್ಚೆಗೆ ತೆಗೆದುಕೊಳ್ಳಬೇಕಾಗಿದೆ.