ಬೆನ್ನುಹುರಿ ಬರಿಯ ತಂತಿಯಲ್ಲ



ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರ್ ದೂರ. ಹಳೆಯ ಪಿ.ಬಿ. ರಸ್ತೆಯಲ್ಲಿ ಎಲ್ಲೋ ಸಂಚಾರ ಕಡಿದುಹೋಯಿತು ಎಂದುಕೊಳ್ಳಿ. ಇಲ್ಲಿಂದ ಹೊರಟ ಆರ್ಡರು ಅಲ್ಲಿಗೆ ಮುಟ್ಟುವುದಿಲ್ಲ, ಅಲ್ಲಿಯ ಸುದ್ದಿ ಇಲ್ಲಿಗೆ ಬರುವುದಿಲ್ಲ. ಹಾಗೆಂದು, ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಿಂದ ಲೇತ್‌ಗಳಿಗೆ ಹೆಸರಾದ ಹರಿಹರದಲ್ಲಿ ಯಂತ್ರಗಳು ಕೆಟ್ಟುಹೋದವೇ? ಇಲ್ಲ. ಕೆಲಸ ಬಂದಿಲ್ಲ, ಅಷ್ಟೆ. ಬೆನ್ನುಹುರಿಗೆ ಪೆಟ್ಟಾದವರ ದೇಹದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ.

ಈ ಪೆಟ್ಟು ನಮ್ಮ ಜಿಲ್ಲೆಗೆ ದೂರದ ಮಾತಲ್ಲ. ಚನ್ನಗಿರಿ ಕಡೆಯ ತೋಟಗಳಲ್ಲಿ ಅಡಿಕೆ ಮರದಿಂದ ಜಾರಿದವರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು ಕ್ಷಣಮಾತ್ರದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಳ್ಳಬಹುದು. ಬಿದ್ದವರು ಹೆಚ್ಚಾಗಿ ದುಡಿಯುವ ವಯಸ್ಸಿನವರು. ಮನೆಯವರ ಪ್ರಶ್ನೆ ಒಂದೇ: ಮತ್ತೆ ಎದ್ದು ಓಡಾಡುತ್ತಾರೆಯೇ?

ಮೆದುಳಿನ ಅಪ್ಪಣೆಯನ್ನು ಸಾಗಿಸುವ ತಂತಿ ಎಂದೇ ಬೆನ್ನುಹುರಿಯನ್ನು ಬಹುಕಾಲ ಭಾವಿಸಲಾಗಿತ್ತು. ಮೆದುಳಿನ ಸಂಪರ್ಕ ಕಡಿದ ಮೇಲೂ ಬೆಕ್ಕಿನ ಬೆನ್ನುಹುರಿ ಹೆಜ್ಜೆಯ ಲಯವನ್ನು ತಾನೇ ಹುಟ್ಟಿಸಬಲ್ಲದು ಎಂದು 1911ರಲ್ಲಿ ಗ್ರಹಾಂ ಬ್ರೌನ್ ತೋರಿಸಿದರು. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಮತ್ತು ಸಂಗಡಿಗರು ನೋವಿನ ಶಮನಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿ, ಬೆನ್ನುಹುರಿಯ ಮೇಲೆ ಎಲೆಕ್ಟ್ರೋಡ್ ಇರಿಸಿದರು. ಈಗ ಕತ್ತರಿ ಹಾಕುವ ಅಗತ್ಯವಿಲ್ಲದ ವಿಧಾನವೂ ಬಂದಿದೆ. ಕತ್ತು ಅಥವಾ ಬೆನ್ನಿನ ಚರ್ಮದ ಮೇಲೆ ಪಟ್ಟಿ ಅಂಟಿಸಿ, ಅಳತೆಯ ವಿದ್ಯುತ್ತನ್ನು ಹಾಯಿಸಲಾಗುತ್ತದೆ.

ಈ ವಿದ್ಯುತ್ತು ಕೈಕಾಲನ್ನು ನೇರವಾಗಿ ಎಳೆದು ಆಡಿಸುವುದಿಲ್ಲ. ಸ್ಪರ್ಶ, ಚಲನೆಗಳ ಸುದ್ದಿ ತರುವ ನರಬೇರುಗಳನ್ನು ಅದು ಮುಖ್ಯವಾಗಿ ತಟ್ಟುತ್ತದೆ. ಅವುಗಳ ಮೂಲಕ ಬೆನ್ನುಹುರಿಯ ನರಕೋಶಗಳು ಎಚ್ಚರಗೊಳ್ಳುತ್ತವೆ. ನಿದ್ದೆಯಲ್ಲಿದ್ದವನಿಗೆ ಪಿಸುಮಾತು ಕೇಳದು, ಎಚ್ಚರವಿದ್ದವನಿಗೆ ಕೇಳುತ್ತದೆ. ಪೆಟ್ಟಾದ ಜಾಗದಲ್ಲಿ ಕೆಲವು ಎಳೆಗಳಾದರೂ ಉಳಿದಿದ್ದರೆ, ಅವುಗಳಲ್ಲಿ ಬರುವ ಮೆದುಳಿನ ಕ್ಷೀಣ ಅಪ್ಪಣೆಯೂ ಆಗ ಕೆಲಸಕ್ಕೆ ಬರಬಹುದು.

ಹಾಗಾದರೆ ಮೆದುಳಿನಲ್ಲಿ ಏನಾಗುತ್ತದೆ? ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿದರು. ಅದೇ ಇಂದಿನ ಇಇಜಿ. ಕೈ ಎತ್ತಬೇಕೆಂದು ಸಂಕಲ್ಪಿಸಿದಾಗ, ಚಲನೆಯನ್ನು ನೋಡಿಕೊಳ್ಳುವ ಭಾಗದಲ್ಲಿ ಸೆಕೆಂಡಿಗೆ 8ರಿಂದ 30 ಬಾರಿ ಏಳುವ ಅಲೆಗಳು ತಗ್ಗುತ್ತವೆ. ಆ ಭಾಗ ಕೆಲಸಕ್ಕೆ ಇಳಿಯಿತೆಂಬುದಕ್ಕೆ ಇದು ಗುರುತು. ಬೆನ್ನಿಗೆ ಕೊಟ್ಟ ಪ್ರಚೋದನೆಯ ಸುದ್ದಿಯೂ ಮೇಲಕ್ಕೆ ಹೋಗುವುದರಿಂದ ಈ ಅಲೆಗಳು ಬದಲಾಗುತ್ತವೆಯೇ ಎಂದು ಸಂಶೋಧಕರು ಅಳೆಯುತ್ತಿದ್ದಾರೆ. ಎಲ್ಲ ಪ್ರಯೋಗಗಳ ಉತ್ತರ ಒಂದೇ ಆಗಿಲ್ಲ. ಹೊರಗಿನಿಂದ ಕೊಟ್ಟ ವಿದ್ಯುತ್ತೇ ಇಇಜಿಯೊಳಗೆ ಬೆರೆತು, ಮೆದುಳಿನ ಸಣ್ಣ ಅಲೆಗಳನ್ನು ಮುಚ್ಚಿಬಿಡುವುದೂ ಉಂಟು. ಆದ್ದರಿಂದ 'ಮೆದುಳನ್ನೇ ಎಬ್ಬಿಸುವ ಚಿಕಿತ್ಸೆ' ಎಂದು ಘೋಷಿಸುವುದು ಅವಸರದ ಮಾತು.

ಕೈಗಳ ಮಟ್ಟಿಗೆ ಸ್ವಲ್ಪ ಗಟ್ಟಿ ಆಧಾರವಿದೆ. ಕತ್ತಿನ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ 60 ಮಂದಿಯ ಮೇಲೆ ಅಮೆರಿಕ, ಕೆನಡಾ, ಯೂರೋಪಿನ 14 ಕೇಂದ್ರಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳು ಬರಿಯ ವ್ಯಾಯಾಮ, ಮುಂದಿನ ಎರಡು ತಿಂಗಳು ವ್ಯಾಯಾಮದ ಜೊತೆಗೆ ವಿದ್ಯುತ್ ಪ್ರಚೋದನೆ. ಶೇ. 72ರಷ್ಟು ಮಂದಿಗೆ ಕೈಯ ಬಲ ಮತ್ತು ಬಳಕೆ ಎರಡರಲ್ಲೂ ಸುಧಾರಣೆ ಕಂಡಿತು. ಆದರೆ ಹುಸಿ ಪ್ರಚೋದನೆ ಪಡೆದ ಇನ್ನೊಂದು ಗುಂಪಿನೊಂದಿಗೆ ಹೋಲಿಕೆ ಅದರಲ್ಲಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಈ ಸಾಧನಕ್ಕೆ ಅನುಮತಿ ನೀಡಿತು. ಗಮನಿಸಬೇಕಾದ್ದು, ಅಲ್ಲಿ ಮಾತು ಕೈಗಳದ್ದು; ಮಲಗಿದವರು ಎದ್ದು ನಡೆದರೆಂದಲ್ಲ.

ಆದ್ದರಿಂದ 'ಕರೆಂಟ್ ಕೊಟ್ಟರೆ ನಡೆಸುತ್ತೇವೆ' ಎನ್ನುವವರ ಕೈಗೆ ಹೊಲ ಮಾರಿದ ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾವ ಸಾಧನ? ಇಂಥದೇ ಪೆಟ್ಟಿಗೆ ಅದನ್ನು ಪರೀಕ್ಷಿಸಲಾಗಿದೆಯೇ? ಜೊತೆಗೆ ವ್ಯಾಯಾಮ ಮಾಡಿಸುವವರು ಯಾರು?

ಅದಕ್ಕೂ ಮೊದಲಿನ ಕೆಲಸ ನಮ್ಮ ಕೈಯಲ್ಲೇ ಇದೆ. ಮರದಿಂದ ಬಿದ್ದವನನ್ನು ರಟ್ಟೆ ಹಿಡಿದು ಎಬ್ಬಿಸಿ ಕೂರಿಸಬೇಡಿ, ಬೈಕಿನ ಮೇಲೆ ಸಾಗಿಸಬೇಡಿ. ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ಕತ್ತು ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ. ಆಮೇಲೆ ವೈದ್ಯರು ಹೇಳಿದ ವ್ಯಾಯಾಮವನ್ನು ಬಿಡದೆ ಮಾಡಿಸಿ, ಕೀಲುಗಳು ಬಿಗಿಯದಂತೆ ನೋಡಿಕೊಳ್ಳಿ. ನಾಳೆ ರಸ್ತೆ ಅರ್ಧ ತೆರೆದರೂ, ಹರಿಹರದ ಲೇತ್‌ಗಳು ತುಕ್ಕು ಹಿಡಿದಿರಬಾರದು.