ಎದುರು ಕಿಟಕಿಯ ಕೊಲೆ

ಇವತ್ತು ನಿಮಗೆ ಎರಡು ಇಂಗ್ಲಿಷ್ ಚಿತ್ರಗಳ ಕಥೆ ಹೇಳಬೇಕೆಂದಿದ್ದೇನೆ. ಒಂದು 1954ರದು, ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 'ರಿಯರ್ ವಿಂಡೋ', ಅಂದರೆ ಹಿಂಬದಿಯ ಕಿಟಕಿ. ಇನ್ನೊಂದು ಸರಿಯಾಗಿ ಮೂವತ್ತು ವರ್ಷಗಳ ನಂತರದ್ದು, 1984ರಲ್ಲಿ ಬ್ರಯಾನ್ ಡಿ ಪಾಲ್ಮಾ ತೆಗೆದ 'ಬಾಡಿ ಡಬಲ್'. ಎರಡರಲ್ಲೂ ಒಬ್ಬ ಗಂಡಸು ಕತ್ತಲೆಯಲ್ಲಿ ಕೂತು ಎದುರು ಮನೆಯ ಕಿಟಕಿಯನ್ನು ಕದ್ದು ನೋಡುತ್ತಾನೆ. ಎರಡರಲ್ಲೂ ಅಲ್ಲಿ ಒಂದು ಕೊಲೆಯಾಗುತ್ತದೆ. ಕೊಲೆಗಾರ ಯಾರೆಂದು ನಾನು ಮುಚ್ಚಿಡುವುದಿಲ್ಲ. ಚಿತ್ರಗಳು ಹಳೆಯವು, ಗುಟ್ಟು ತಿಳಿದ ಮೇಲೂ ನೋಡಿಸಿಕೊಳ್ಳುವ ಚಿತ್ರಗಳು. ಗುಟ್ಟು ಬೇಡವೆನ್ನುವವರು ಚಿತ್ರ ನೋಡಿ ಬಂದು ಆಮೇಲೆ ನನ್ನ ಮಾತು ಕೇಳಬಹುದು.

ಮೊದಲು ಹಿಚ್‌ಕಾಕನ ಚಿತ್ರ. ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಎಂಬ ಭಾಗ. ಬೇಸಿಗೆಯ ಸೆಕೆ. ಜೆಫ್ ಎಂಬ ಪತ್ರಿಕಾ ಛಾಯಾಗ್ರಾಹಕ ಮೋಟಾರ್ ರೇಸಿನ ಅಪಘಾತವನ್ನು ತೀರ ಹತ್ತಿರದಿಂದ ತೆಗೆಯಲು ಹೋಗಿ ಕಾಲು ಮುರಿದುಕೊಂಡಿದ್ದಾನೆ. ಕಾಲಿಗೆ ಪ್ಲಾಸ್ಟರು, ಕೂರಲು ಗಾಲಿಕುರ್ಚಿ, ನೋಡಲು ಹಿಂದಿನ ಕಿಟಕಿ. ಸೊಲ್ಲಾಪುರದ ಗಿರಣಿ ಚಾಳುಗಳಲ್ಲಿ ಇದ್ದು ಬಂದವರಿಗೆ ಈ ಜಾಗ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ನಡುವೆ ಒಂದು ಅಂಗಳ, ಸುತ್ತ ಮನೆಗಳು, ಸೆಕೆಗೆ ತೆರೆದಿಟ್ಟ ಕಿಟಕಿಗಳು. ಯಾರ ಮನೆಯಲ್ಲಿ ಜಗಳ, ಯಾರ ಮನೆಗೆ ನೆಂಟರು, ಎಲ್ಲವೂ ಎಲ್ಲರಿಗೂ ಗೊತ್ತು. ಆದರೂ ಯಾರೂ ಯಾರನ್ನೂ ಕೇಳುವುದಿಲ್ಲ.

ಈ ಅಂಗಳ ನಿಜವಾದ ನ್ಯೂಯಾರ್ಕಿನದಲ್ಲ. ಹಾಲಿವುಡ್‌ನ ಪ್ಯಾರಾಮೌಂಟ್ ಸ್ಟುಡಿಯೋದ ಒಳಗೆ ನೆಲವನ್ನೇ ತೆಗೆದು, ನೆಲಮಾಳಿಗೆಯ ಮಟ್ಟದಿಂದ ಮೇಲಕ್ಕೆ ಕಟ್ಟಿದ ಸೆಟ್ಟು ಅದು. ಮೂವತ್ತೊಂದು ಮನೆಗಳನ್ನು ಕಟ್ಟಿದ್ದರು. ಕ್ಯಾಮೆರಾ ಬಹುಪಾಲು ಜೆಫ್‌ನ ಕೋಣೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಅವನಿಗೆ ಕಂಡದ್ದಷ್ಟೇ ನಮಗೂ ಕಾಣುತ್ತದೆ, ಅವನಿಗೆ ಕೇಳಿಸಿದ್ದಷ್ಟೇ ನಮಗೂ ಕೇಳಿಸುತ್ತದೆ. ಅವನು ನಿದ್ದೆ ಹೋದಾಗ ಮಾತ್ರ ಒಂದು ಸಲ ಅವನಿಗೆ ಕಾಣದ್ದನ್ನು ನಮಗೆ ತೋರಿಸಿ ನಮ್ಮನ್ನು ಪೇಚಿಗೆ ಸಿಕ್ಕಿಸುತ್ತಾರೆ.

ಎದುರು ಮನೆಗಳಲ್ಲಿ ಯಾರಿದ್ದಾರೆ? ನೃತ್ಯದ ಅಭ್ಯಾಸ ಮಾಡುವ ಒಬ್ಬಳು ಯುವತಿ. ಪಿಯಾನೋದ ಮುಂದೆ ಕೂತು ಹೊಸ ಹಾಡಿಗೆ ಒದ್ದಾಡುವ ಸಂಗೀತಗಾರ. ಬಾರದ ಅತಿಥಿಗೆ ಎಲೆ ಹಾಕಿ ಒಬ್ಬಳೇ ಊಟಕ್ಕೆ ಕೂರುವ ಒಂಟಿ ಹೆಂಗಸು. ಮಕ್ಕಳಿಲ್ಲದ ದಂಪತಿಗಳು, ಅವರದೊಂದು ಪುಟ್ಟ ನಾಯಿ. ಮತ್ತು ಥೋರ್ವಾಲ್ಡ್ ಎಂಬ ಮಾರಾಟಗಾರ, ಹಾಸಿಗೆ ಹಿಡಿದ ಅವನ ಹೆಂಡತಿ. ಒಂದು ಮಳೆಯ ರಾತ್ರಿ ಥೋರ್ವಾಲ್ಡ್ ತನ್ನ ಪೆಟ್ಟಿಗೆ ಹಿಡಿದು ಮೂರು ಸಲ ಹೊರಗೆ ಹೋಗಿ ಬರುತ್ತಾನೆ. ಮರುದಿನ ಹೆಂಡತಿ ಕಾಣುವುದಿಲ್ಲ. ಅವನು ಚೂರಿಯನ್ನೂ ಗರಗಸವನ್ನೂ ಕಾಗದದಲ್ಲಿ ಸುತ್ತುತ್ತಾನೆ. ಒಂದು ಟ್ರಂಕಿಗೆ ಹಗ್ಗ ಕಟ್ಟುತ್ತಾನೆ. ಇಷ್ಟೇ ಸಾಕ್ಷಿ. ಜೆಫ್ ಪತ್ತೇದಾರ ಗೆಳೆಯನನ್ನು ಕರೆಸಿದರೆ ಅವನು ವಿಚಾರಿಸಿ, ಹೆಂಡತಿ ಊರಿಗೆ ಹೋಗಿದ್ದಾಳೆ, ನಿನಗೆ ಬೇರೆ ಕೆಲಸವಿಲ್ಲ ಎನ್ನುತ್ತಾನೆ.

ಜೆಫ್‌ನ ಆರೈಕೆಗೆ ಬರುವ ಸ್ಟೆಲ್ಲಾ ಎಂಬ ನರ್ಸ್ ಮೊದಲೇ ಅವನಿಗೆ ಬೈದಿರುತ್ತಾಳೆ. ಪರರ ಕಿಟಕಿಗೆ ಕಣ್ಣಿಟ್ಟರೆ ಈ ರಾಜ್ಯದಲ್ಲಿ ಆರು ತಿಂಗಳು ಒಳಗೆ ಹಾಕುತ್ತಾರೆ, ಜನ ತಮ್ಮ ಮನೆಯಿಂದ ಹೊರಗೆ ನಿಂತು ತಮ್ಮ ಮನೆಯೊಳಗೇ ಒಮ್ಮೆ ಇಣುಕಿ ನೋಡಿಕೊಂಡರೆ ಒಳ್ಳೆಯದು ಎಂಬ ಅರ್ಥದ ಮಾತು ಆಡುತ್ತಾಳೆ. ಬೈದವಳೇ ಕೊನೆಗೆ ದುರ್ಬೀನು ಕೈಗೆ ತೆಗೆದುಕೊಳ್ಳುತ್ತಾಳೆ! ಅವಳ ಹಿಂದೆ ನಾವೂ ಕತ್ತು ಚಾಚಿ ಕೂತಿರುತ್ತೇವೆ. ಹಿಚ್‌ಕಾಕನ ಜಾಣತನ ಇರುವುದು ಇಲ್ಲಿ. ನೋಡಬಾರದು ಎಂದು ಹೇಳುತ್ತಲೇ ನೋಡಿಸುತ್ತಾನೆ.

ನಾಯಿಯ ವಿಷಯ ಹೇಳಲೇಬೇಕು. ಹೂವಿನ ಪಾತಿ ಕೆದಕುತ್ತಿದ್ದ ಆ ನಾಯಿ ಒಂದು ರಾತ್ರಿ ಕತ್ತು ಮುರಿದು ಸತ್ತು ಬಿದ್ದಿರುತ್ತದೆ. ಅದರ ಒಡತಿ ಬಾಲ್ಕನಿಯಲ್ಲಿ ನಿಂತು ಅಂಗಳದವರಿಗೆಲ್ಲ ಕೇಳುವಂತೆ ಗೋಳಾಡುತ್ತಾಳೆ. ನೆರೆಯವರೆಂದರೆ ಒಬ್ಬರ ಸುಖದುಃಖ ಒಬ್ಬರು ವಿಚಾರಿಸುವವರು, ನಿಮ್ಮಲ್ಲಿ ಅಂಥವರು ಯಾರಿದ್ದೀರಿ ಎಂದು ಕೇಳುತ್ತಾಳೆ. ಎಲ್ಲರೂ ಕಿಟಕಿಗೆ ಬರುತ್ತಾರೆ. ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಾರೆ. ಒಂದು ಮನೆಯಲ್ಲಿ ಮಾತ್ರ ಯಾರೂ ಕಿಟಕಿಗೆ ಬಂದಿರುವುದಿಲ್ಲ. ಕತ್ತಲೆಯಲ್ಲಿ ಒಂದು ಸಿಗರೇಟಿನ ಕೆಂಡ ಹೊಳೆಯುತ್ತಿರುತ್ತದೆ. ಅದು ಥೋರ್ವಾಲ್ಡನ ಮನೆ.

ಕೊನೆಗೆ ಜೆಫ್‌ನ ಗೆಳತಿ ಲೀಸಾ ಧೈರ್ಯ ಮಾಡಿ ಥೋರ್ವಾಲ್ಡನ ಮನೆ ಹೊಕ್ಕು ಅವನ ಹೆಂಡತಿಯ ಮದುವೆ ಉಂಗುರ ಹುಡುಕುತ್ತಾಳೆ. ಉಂಗುರ ಬಿಟ್ಟು ಯಾವ ಹೆಂಡತಿ ಊರಿಗೆ ಹೋಗುತ್ತಾಳೆ? ಅಷ್ಟರಲ್ಲಿ ಅವನು ಬರುತ್ತಾನೆ. ಪೊಲೀಸರೂ ಬರುತ್ತಾರೆ. ಲೀಸಾ ಉಂಗುರವನ್ನು ತನ್ನ ಬೆರಳಿಗೆ ಹಾಕಿಕೊಂಡು, ಕೈ ಬೆನ್ನ ಹಿಂದೆ ಮಾಡಿ ಜೆಫ್‌ಗೆ ತೋರಿಸುತ್ತಾಳೆ. ಆ ಸನ್ನೆಯನ್ನು ಥೋರ್ವಾಲ್ಡ್ ಕಂಡು, ಮುಖ ಎತ್ತಿ, ನೇರವಾಗಿ ಜೆಫ್‌ನ ಕಡೆ ನೋಡುತ್ತಾನೆ. ಅಂದರೆ ನಮ್ಮ ಕಡೆ ನೋಡುತ್ತಾನೆ. ಅಷ್ಟು ಹೊತ್ತು ನೋಡುತ್ತಿದ್ದವರು ನಾವು. ಈಗ ನಮ್ಮನ್ನು ಒಬ್ಬ ನೋಡಿದ. ನನಗೆ ಇಡೀ ಚಿತ್ರದಲ್ಲಿ ಎದೆ ಝಲ್ಲೆಂದದ್ದು ಅಲ್ಲಿ, ಕೊಲೆಯ ಸುಳಿವು ಸಿಕ್ಕಾಗ ಅಲ್ಲ.

ಅವನು ಜೆಫ್‌ನ ಕೋಣೆಗೇ ಬರುತ್ತಾನೆ. ನಿನಗೆ ನನ್ನಿಂದ ಏನು ಬೇಕು ಎಂದು ಕೇಳುತ್ತಾನೆ. ಜೆಫ್ ಬಳಿ ಉತ್ತರವಿಲ್ಲ. ಏನಿದೆ ಉತ್ತರ? ಫ್ಲಾಷ್ ಬಲ್ಬುಗಳನ್ನು ಒಂದೊಂದಾಗಿ ಹೊತ್ತಿಸಿ ಅವನ ಕಣ್ಣು ಕೋರೈಸಿ ತಡೆಯಲು ನೋಡುತ್ತಾನೆ. ಕಿಟಕಿಯಿಂದ ಕೆಳಗೆ ಬಿದ್ದು ಎರಡನೆಯ ಕಾಲನ್ನೂ ಮುರಿದುಕೊಳ್ಳುತ್ತಾನೆ. ಪ್ರಾಣ ಉಳಿಯುತ್ತದೆ.

ಇನ್ನು ಡಿ ಪಾಲ್ಮಾನ 'ಬಾಡಿ ಡಬಲ್'. ಇದು ಹಿಚ್‌ಕಾಕನಿಗೆ ಶಿಷ್ಯ ಸಲ್ಲಿಸಿದ ಕಾಣಿಕೆ ಎಂದು ಎಲ್ಲರೂ ಒಪ್ಪುತ್ತಾರೆ. ಕಿಟಕಿ 'ರಿಯರ್ ವಿಂಡೋ'ದಿಂದ ಬಂದಿತು. ನಾಯಕನ ದೌರ್ಬಲ್ಯ 1958ರ 'ವರ್ಟಿಗೋ' ಚಿತ್ರದಿಂದ ಬಂದಿತು. ಅಲ್ಲಿಯ ನಾಯಕನಿಗೆ ಎತ್ತರದ ಭಯ, ಇಲ್ಲಿಯವನಿಗೆ ಇಕ್ಕಟ್ಟಾದ ಜಾಗದ ಭಯ. ಇದರಲ್ಲಿ ನಟಿಸಿದ ಮೆಲನಿ ಗ್ರಿಫಿತ್ ಕೂಡ ಹಿಚ್‌ಕಾಕನ 'ದಿ ಬರ್ಡ್ಸ್' ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್ ಅವರ ಮಗಳು. ಮನೆಯವರೆಲ್ಲ ಕುಟುಂಬ ಸಮೇತ ಓದಬಹುದಾದ ಕಥೆಯಂತೆ ಇದನ್ನು ನಾನು ಹೇಳುತ್ತಿದ್ದರೂ ಚಿತ್ರ ಹಾಗಿಲ್ಲ. ನಗ್ನತೆ ಇದೆ, ರಕ್ತ ಇದೆ. ಹೆಂಗಸರ ಮೇಲಿನ ಹಿಂಸೆಯನ್ನು ತಮಾಷೆಯಾಗಿ ತೋರಿಸಿದರೆಂದು ಬಂದ ಟೀಕೆಯಲ್ಲಿ ಹುರುಳಿದೆ. ಮಕ್ಕಳ ಎದುರು ಹಾಕುವ ಚಿತ್ರವಲ್ಲ.

ಜೇಕ್ ಎಂಬ ಬಡ ನಟ. ಕೆಲಸ ಹೋಗಿದೆ, ಗೆಳತಿ ಕೈಬಿಟ್ಟಿದ್ದಾಳೆ, ಇರಲು ಮನೆಯಿಲ್ಲ. ಒಬ್ಬ ಹೊಸ ಪರಿಚಯದವನು, ನಾನು ಊರಿಗೆ ಹೋಗುತ್ತೇನೆ, ನೀನು ಈ ಮನೆಯಲ್ಲಿರು ಎಂದು ಕರೆದೊಯ್ಯುತ್ತಾನೆ. ಆ ಮನೆ ಲಾಸ್ ಏಂಜಲೀಸ್‌ನ ಗುಡ್ಡದ ಮೇಲೆ ಒಂದೇ ಕಾಂಕ್ರೀಟ್ ಕಂಬದ ಮೇಲೆ ನಿಂತ ಎಂಟು ಮೂಲೆಯ ಮನೆ. ಇದು ಸೆಟ್ಟಲ್ಲ, ಜಾನ್ ಲಾಟ್ನರ್ ಎಂಬ ವಾಸ್ತುಶಿಲ್ಪಿ 1960ರಲ್ಲಿ ಮುಗಿಸಿದ ನಿಜವಾದ ಮನೆ. ಅಲ್ಲಿ ಒಂದು ದೂರದರ್ಶಕವೂ ಇದೆ. ಎದುರಿನ ಬಂಗಲೆಯಲ್ಲಿ ಒಬ್ಬ ಹೆಂಗಸು ದಿನಾ ರಾತ್ರಿ ಒಂದೇ ಸಮಯಕ್ಕೆ ನರ್ತಿಸುತ್ತಾಳೆ, ನೋಡು ಎಂದು ಮನೆ ಕೊಟ್ಟವನೇ ತೋರಿಸುತ್ತಾನೆ. ಜೇಕ್ ನೋಡುತ್ತಾನೆ. ನಾಳೆಯೂ ನೋಡುತ್ತಾನೆ. ಅವಳನ್ನು ಇನ್ನೊಬ್ಬ ವಿಕಾರ ಮುಖದವನೂ ಹೊಂಚುತ್ತಿರುವುದು ಕಾಣುತ್ತದೆ. ಒಂದು ರಾತ್ರಿ ಆ ವಿಕಾರ ಮುಖದವನು ಒಳನುಗ್ಗಿ ಅವಳನ್ನು ಕೊಲ್ಲುತ್ತಾನೆ. ಜೇಕ್ ಓಡಿದರೂ ಉಳಿಸಲಾಗುವುದಿಲ್ಲ.

ಗುಟ್ಟು ಏನೆಂದರೆ, ನರ್ತಿಸಿದವಳು ಕೊಲೆಯಾದವಳಲ್ಲ. ಅವಳಂತೆ ಕಾಣಲು ಸಂಬಳ ಕೊಟ್ಟು ತಂದ ಇನ್ನೊಬ್ಬ ನಟಿ. ಮನೆ ಕೊಟ್ಟವನೇ ಅವಳ ಗಂಡ. ವಿಕಾರ ಮುಖ ಅವನೇ ಹಾಕಿಕೊಂಡ ಮುಖವಾಡ. ಅವನಿಗೆ ಬೇಕಾಗಿದ್ದದ್ದು ಒಬ್ಬ ಪ್ರಾಮಾಣಿಕ ಸಾಕ್ಷಿ. ಕೊಂದವನು ಗಂಡನಲ್ಲ, ಯಾರೋ ಕಳ್ಳ, ನಾನು ಕಣ್ಣಾರೆ ಕಂಡೆ ಎಂದು ಹೇಳುವವನು. ಅಂಥವನನ್ನು ಹುಡುಕಿ ತಂದು, ದೂರದರ್ಶಕದ ಮುಂದೆ ಕೂರಿಸಿ, ದಿನಾ ಅದೇ ಹೊತ್ತಿಗೆ ಕಣ್ಣಿಡುವ ಅಭ್ಯಾಸ ಮಾಡಿಸಿದ.

ನಮ್ಮ ಹಿರಿಯರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಆ ಗಾದೆಗೆ ಒಂದು ಬಾಲ ಸೇರಿಸಬೇಕೆನಿಸುತ್ತದೆ. ಪ್ರತ್ಯಕ್ಷ ಕಂಡರೆ, ಅದನ್ನು ತೋರಿಸಿದವರು ಯಾರೆಂದೂ ನೋಡು. 1954ರ ಜೆಫ್‌ಗೆ ಕೊಲೆ ಆಕಸ್ಮಿಕವಾಗಿ ಕಂಡಿತು. 1984ರ ಜೇಕ್‌ಗೆ ಕಾಣುವಂತೆ ಮಾಡಿದರು. ಈಗ ಕೈಯಲ್ಲಿರುವ ಮೊಬೈಲಿನಲ್ಲಿ ಯಾರದೋ ಮನೆಯ ಜಗಳ, ಯಾರನ್ನೋ ಬಡಿಯುವ ದೃಶ್ಯ ದಿನಾ ಬರುತ್ತದೆ. ಅದನ್ನು ನಾವು ಕಂಡೆವೋ, ನಮಗೆ ತೋರಿಸಿದರೋ?

ಬ್ಯಾಂಕಿನಲ್ಲಿದ್ದವನಾದ್ದರಿಂದ ಒಂದು ಲೆಕ್ಕದ ಮಾತನ್ನೂ ಹೇಳದೆ ಬಿಡಲಾರೆ. 'ರಿಯರ್ ವಿಂಡೋ'ದ ಮೂಲ ಕಾರ್ನೆಲ್ ವೂಲ್ರಿಚ್ ಎಂಬವರು ಬರೆದ ಸಣ್ಣಕಥೆ, 1942ರಲ್ಲಿ ಅಗ್ಗದ ಪತ್ತೇದಾರಿ ಪತ್ರಿಕೆಯೊಂದರಲ್ಲಿ ಬಂದದ್ದು. ಅದರಲ್ಲಿ ಲೀಸಾ ಇಲ್ಲ. 1945ರಲ್ಲಿ ಲೇಖಕರು ಇದನ್ನೂ ಸೇರಿಸಿ ಆರು ಕಥೆಗಳ ಚಿತ್ರದ ಹಕ್ಕನ್ನು 9,250 ಡಾಲರಿಗೆ ಮಾರಿದರು. 1953ರಲ್ಲಿ ಹಿಚ್‌ಕಾಕ್ ಮತ್ತು ಜೆಫ್ ಪಾತ್ರ ಮಾಡಿದ ಜೇಮ್ಸ್ ಸ್ಟೀವರ್ಟ್ ಅವರ ಸಂಸ್ಥೆ ಈ ಒಂದೇ ಕಥೆಗೆ 10,000 ಡಾಲರ್ ಕೊಟ್ಟಿತು. ಅಮೆರಿಕದ ಆಗಿನ ಕಾನೂನಿನಲ್ಲಿ ಹಕ್ಕು ಇಪ್ಪತ್ತೆಂಟು ವರ್ಷಕ್ಕೆ ಮುಗಿದು ನವೀಕರಣವಾಗಬೇಕು. ಲೇಖಕರು ಅದಕ್ಕೆ ಮೊದಲೇ, 1968ರಲ್ಲಿ ತೀರಿಕೊಂಡರು. ಆಸ್ತಿಯ ನಿರ್ವಾಹಕ ಒಂದು ಬ್ಯಾಂಕು, ಚೇಸ್ ಮ್ಯಾನ್‌ಹಟನ್. ಬ್ಯಾಂಕು ಹಕ್ಕನ್ನು ನವೀಕರಿಸಿ, 650 ಡಾಲರ್ ಮತ್ತು ಬರುವ ಆದಾಯದಲ್ಲಿ ನೂರಕ್ಕೆ ಹತ್ತರ ಲೆಕ್ಕದಲ್ಲಿ ಶೆಲ್ಡನ್ ಅಬೆಂಡ್ ಎಂಬವರಿಗೆ ಕೊಟ್ಟಿತು. ಬಹಳ ಕಾಲ ಕಾಣದಂತಿದ್ದ ಚಿತ್ರ 1983ರಲ್ಲಿ ಮತ್ತೆ ತೆರೆಗೆ ಬಂದಾಗ ಅಬೆಂಡ್ ದಾವೆ ಹೂಡಿದರು. 1990ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ವೂಲ್ರಿಚ್ ಮಾತ್ರ ಹೆಚ್ಚು ಕಾಲ ತಾಯಿಯ ಜೊತೆ ಹೋಟೆಲು ಕೋಣೆಗಳಲ್ಲಿ ಕಳೆದು, ಕೊನೆಗಾಲದಲ್ಲಿ ಒಂದು ಕಾಲನ್ನೂ ಕತ್ತರಿಸಿಕೊಂಡು ಸತ್ತರು. ಆಸ್ತಿಯನ್ನು ತಾಯಿಯ ಹೆಸರಲ್ಲಿ ವಿದ್ಯಾರ್ಥಿಗಳಿಗಾಗಿ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದರು.

ಬ್ಯಾಂಕಿನ ಕೌಂಟರೂ ಒಂದು ಕಿಟಕಿಯೇ. ಸೇರುವಾಗಲೇ ಗುಟ್ಟು ಕಾಯುತ್ತೇನೆಂದು ಸಹಿ ಹಾಕಿಸಿಕೊಳ್ಳುತ್ತಾರೆ. ಯಾರ ಮಗ ಹಣ ಕಳಿಸುವುದು ನಿಲ್ಲಿಸಿದ, ಯಾರು ಬಂಗಾರ ಒತ್ತೆಯಿಟ್ಟರು, ಎಲ್ಲವೂ ಲೆಡ್ಜರಿನಲ್ಲಿ ಕಾಣುತ್ತದೆ. ಕಂಡದ್ದನ್ನು ಕಟ್ಟೆಯ ಮೇಲೆ ಆಡಬಾರದು. ಹಳ್ಳಿಯ ಶಾಖೆಯೊಂದರಲ್ಲಿ ನಾನಿದ್ದಾಗ ತಿಂಗಳ ಮೊದಲ ದಿನವೇ ಪಿಂಚಣಿಗೆ ಬರುವ ಒಬ್ಬ ಒಂಟಿ ಅಜ್ಜಿ ಇದ್ದರು. ಒಂದು ತಿಂಗಳು ಮೂರನೆಯ ತಾರೀಖಾದರೂ ಬರಲಿಲ್ಲ. ಜವಾನನನ್ನು ಮನೆಗೆ ಕಳಿಸಿದೆವು. ಬಚ್ಚಲಲ್ಲಿ ಜಾರಿಬಿದ್ದು ಎರಡು ದಿನದಿಂದ ಎದ್ದಿರಲಿಲ್ಲ. ಬಾಗಿಲು ಮುಚ್ಚಿದ್ದನ್ನು ಓಣಿಯವರೆಲ್ಲ ಕಂಡಿದ್ದರು. ಮಗಳ ಊರಿಗೆ ಹೋಗಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಅಜ್ಜಿ ಬದುಕಿದರು, ಕೋಲು ಹಿಡಿದು ಇನ್ನೂ ಹಲವು ವರ್ಷ ಪಿಂಚಣಿ ತೆಗೆದುಕೊಂಡರು. ಆದ್ದರಿಂದ ನೋಡುವುದೇ ಪಾಪ ಎಂದು ನಾನು ಹೇಳಲಾರೆ. ನೋಡಿ ಸುಮ್ಮನಿರುವುದೂ ಒಂದು ಪಾಪ. 'ಬಾಡಿ ಡಬಲ್'ನ ಪತ್ತೇದಾರ ಜೇಕ್‌ಗೆ ಹೇಳುವುದೂ ಇದನ್ನೇ: ಅವಳನ್ನು ನೋಡಿ ಸುಖಪಡುವ ಬದಲು ಮೊದಲೇ ಪೊಲೀಸರಿಗೆ ತಿಳಿಸಿದ್ದರೆ ಅವಳು ಉಳಿಯುತ್ತಿದ್ದಳು.

ಹಾಗಾದರೆ ಗೆರೆ ಎಲ್ಲಿದೆ? ಕಾನೂನು ಒಂದು ಗೆರೆ ಎಳೆದಿದೆ. ಹೆಂಗಸು ಏಕಾಂತದಲ್ಲಿರುವಾಗ ಕದ್ದು ನೋಡುವುದನ್ನೂ ಚಿತ್ರ ತೆಗೆಯುವುದನ್ನೂ ನಮ್ಮ ದೇಶದಲ್ಲಿ 2013ರಲ್ಲಿ 354-ಸಿ ಕಲಮಿನ ಮೂಲಕ ಪ್ರತ್ಯೇಕ ಅಪರಾಧ ಮಾಡಿದರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೆಯ ಕಲಮು. ಮೊದಲ ಸಲದ ತಪ್ಪಿಗೇ ಒಂದರಿಂದ ಮೂರು ವರ್ಷ ಸೆರೆಮನೆ, ಜೊತೆಗೆ ದಂಡ. ಇದು ಮನೆಯ ಹುಡುಗರಿಗೆ ತಿಳಿದಿರಲಿ.

ಇನ್ನೊಂದು ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. 'ರಿಯರ್ ವಿಂಡೋ'ದಲ್ಲಿ ಜೆಫ್ ಮತ್ತು ಸ್ಟೆಲ್ಲಾ ಥೋರ್ವಾಲ್ಡನ ಕಿಟಕಿಯನ್ನೇ ನೋಡುತ್ತಿರುವಾಗ, ಕೆಳಗಿನ ಮನೆಯ ಆ ಒಂಟಿ ಹೆಂಗಸು ಮಾತ್ರೆಗಳನ್ನು ಮುಂದಿಟ್ಟುಕೊಂಡು ಸಾಯಲು ಕೂತಿರುತ್ತಾಳೆ. ಅವಳನ್ನು ಉಳಿಸುವುದು ದುರ್ಬೀನು ಹಿಡಿದವರಲ್ಲ. ಮೇಲಿನ ಸಂಗೀತಗಾರನ ಕಿಟಕಿಯಿಂದ ತೇಲಿಬಂದ ಹೊಸ ರಾಗ. ಅವಳು ಕೈ ತಡೆದು ಕೇಳುತ್ತಾ ಕೂರುತ್ತಾಳೆ. ನೀವು ಆ ಚಿತ್ರ ನೋಡುವುದಾದರೆ ಈ ಮನೆಯ ಕಡೆಗೂ ಒಂದು ಕಣ್ಣಿಡಿ. ನಿಮ್ಮ ಓಣಿಯಲ್ಲಿಯೂ ಇಂಥ ಒಂದು ಮನೆ ಇದ್ದೀತು. ಅಲ್ಲಿ ಇಣುಕುವುದು ಬೇಡ. ಬಾಗಿಲು ತಟ್ಟಿ, ಊಟವಾಯಿತೇ ಎಂದು ಕೇಳಿ ಬನ್ನಿ.